ಕಡಲನ್ನು ಓದಲು ಹೊರಟ ಹುಡುಗ

ಪ್ಲಸ್ ಟು ಫಲಿತಾಂಶ ಬಂದ ವಾರದಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಕುರ್ಚಿ ಸಾಲುವುದಿಲ್ಲ. ಮಕ್ಕಳನ್ನು ಕರೆದುಕೊಂಡು ತಂದೆತಾಯಂದಿರು ಬರುತ್ತಾರೆ. ನರ್ಸಿಂಗ್ ಮಾಡಿಸೋಣವೇ, ಬಿ.ಕಾಂ. ಸಾಕೇ, ಐಟಿಐ ಮಾಡಿದರೆ ಗಲ್ಫಿಗೆ ಹೋಗಬಹುದೇ ಎಂದು ಕೇಳುತ್ತಾರೆ. ನನಗೆ ತಿಳಿದಷ್ಟು ಹೇಳುತ್ತೇನೆ. ಆದರೆ 2024ರ ಮೇ ತಿಂಗಳಲ್ಲಿ ಮಂಜೇಶ್ವರದ ಕಡಲ ಬದಿಯ ಒಂದು ಮನೆಯ ಹುಡುಗ ತಾಯಿಯೊಡನೆ ಬಂದು ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

"ಫಾದರ್, ನನಗೆ ಕಡಲಿನ ಸಾಹಸ ಚಟುವಟಿಕೆ ನಡೆಸುವ ಕೋರ್ಸ್ ಮಾಡಬೇಕು. ಗೋವಾದಲ್ಲಿ ಸರಕಾರದ್ದೇ ಸಂಸ್ಥೆ ಇದೆಯಂತೆ. ನೀವೇ ಅಮ್ಮನಿಗೆ ಸ್ವಲ್ಪ ಹೇಳಿ."

ತಾಯಿ ನೆಲ ನೋಡುತ್ತ ಕುಳಿತಿದ್ದರು. ಆಮೇಲೆ ಮೆಲ್ಲನೆ ಹೇಳಿದರು: "ಎಂತ ಹೇಳುವುದು ಫಾದರ್. ನನ್ನ ತಮ್ಮ ಅಳಿವೆಯಲ್ಲಿ ಮರುವಾಯಿ ಹೆಕ್ಕಲಿಕ್ಕೆ ಹೋದವನು ತಿರುಗಿ ಬರಲಿಲ್ಲ. ಅವನಿಗೆ ಈಜು ಬರುತ್ತಿತ್ತು. ಈಜು ಬಾರದವನಾಗಿದ್ದರೆ ನೀರಿಗೇ ಇಳಿಯುತ್ತಿರಲಿಲ್ಲ. ಇವನನ್ನು ಹದಿನೆಂಟು ವರ್ಷ ಕಡಲಿನಿಂದ ದೂರ ಇಟ್ಟದ್ದು ಇದಕ್ಕಾ?"

ನಾನು "ನೋಡೋಣ" ಎಂದೆ. ನಮ್ಮಂಥವರು ಉತ್ತರ ಗೊತ್ತಿಲ್ಲದಾಗ ಹೇಳುವ ಮಾತು ಅದು.

ನನ್ನ ಹಿಂಜರಿಕೆಗೆ ಬೇರೆ ಕಾರಣವೂ ಇತ್ತು. ಸುಮಾರು ಹದಿನೈದು ವರ್ಷಗಳ ಹಿಂದೆ, ಗುರುದೀಕ್ಷೆಯಾದ ಹೊಸತರಲ್ಲಿ, ನಾನು ಒಂದು ಧರ್ಮಕೇಂದ್ರದ ಯುವಜನರನ್ನು ಕಡಲ ದಂಡೆಗೆ ಪಿಕ್ನಿಕ್ ಕರೆದುಕೊಂಡು ಹೋಗಿದ್ದೆ. ಊಟದ ಪಾತ್ರೆ, ಕ್ರಿಕೆಟ್ ಬ್ಯಾಟು, ಹಗ್ಗಜಗ್ಗಾಟದ ಹಗ್ಗ ಎಲ್ಲವನ್ನೂ ಪಟ್ಟಿ ಮಾಡಿದ್ದೆ. ನೀರಿಗೆ ಇಳಿದವರನ್ನು ಯಾರು ನೋಡಬೇಕು ಎಂಬುದು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಮಧ್ಯಾಹ್ನ ಒಬ್ಬ ಹುಡುಗನನ್ನು ನೀರು ಸೆಳೆದುಕೊಂಡಿತು. ಅವನು ಕೂಗಲಿಲ್ಲ, ಆಡುತ್ತಿದ್ದಾನೆ ಎಂದೇ ನಾವೆಲ್ಲ ತಿಳಿದೆವು. ದೂರದಲ್ಲಿ ಬಲೆ ಹೆಣೆಯುತ್ತಿದ್ದ ಮೀನುಗಾರರೊಬ್ಬರು ಓಡಿ ಬಂದು, ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆದು ಅವನನ್ನು ಎಳೆದು ತಂದರು. ಹುಡುಗ ಬದುಕಿದ. ನಮ್ಮ ಹಗ್ಗ ಮರದ ಬುಡದಲ್ಲಿ ಸುರುಳಿ ಸುತ್ತಿಕೊಂಡೇ ಬಿದ್ದಿತ್ತು. "ನಿಮ್ಮ ಪೈಕಿ ನೀರು ನೋಡುವವರು ಯಾರೂ ಇಲ್ಲವಾ?" ಎಂದು ಆ ಮನುಷ್ಯ ಕೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. ನನಗೆ ಈಜು ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಹೆದ್ದಾರಿಯುದ್ದಕ್ಕೂ ಕಡಲು

ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಅವಶೇಷಗಳ ಸಾರ್ವಜನಿಕ ದರ್ಶನ ಹಳೆ ಗೋವಾದಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. ಈ ಸಲದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇತ್ತು. ಡಿಸೆಂಬರ್ ಮಧ್ಯದಲ್ಲಿ ನಮ್ಮ ಊರಿನಿಂದ ಒಂದು ಬಸ್ಸು ಹೊರಟಿತು. ತಾಯಿ ಮಗ ಇಬ್ಬರೂ ಹೆಸರು ಕೊಟ್ಟಿದ್ದರು. ಹುಡುಗನ ಮನಸ್ಸಿನಲ್ಲಿ ಏನಿತ್ತೆಂದು ನನಗೂ ಗೊತ್ತಿತ್ತು, ತಾಯಿಗೂ ಗೊತ್ತಿತ್ತು.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೋಗುವವರಿಗೆ ಕಡಲು ಎಡಗಡೆಯಿಂದ ಇಣುಕುತ್ತಲೇ ಇರುತ್ತದೆ. ಹುಡುಗ ನನ್ನ ಹಿಂದಿನ ಸೀಟಿನಲ್ಲಿ ಕುಳಿತು ಪಾಠ ಹೇಳಲು ಶುರುಮಾಡಿದ. ಮೂಲ್ಕಿ ಬಂದಾಗ, ಇಲ್ಲಿ ವಿದೇಶಿಯರಿಂದ ಅಲೆಸವಾರಿ ಕಲಿತ ಮೀನುಗಾರರ ಮಕ್ಕಳೇ ಈಗ ಬೇರೆಯವರಿಗೆ ಕಲಿಸುತ್ತಾರೆ ಎಂದ. ಹತ್ತಿರದ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದದ್ದನ್ನೂ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಸೇರಿದ್ದನ್ನೂ ಹೇಳಿದ. ಪಡುಬಿದ್ರಿ ದಾಟುವಾಗ, ಇಲ್ಲಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ ಎಂದ. ನೀರಿನ ಶುದ್ಧಿ, ದಂಡೆಯ ಸ್ವಚ್ಛತೆ, ಸುರಕ್ಷತೆ ಇವನ್ನೆಲ್ಲ ಪರೀಕ್ಷಿಸಿ ಕೊಡುವ ಅಂತರರಾಷ್ಟ್ರೀಯ ಗುರುತು ಅದು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಮುಖ ಹಚ್ಚಿದರು. ತಾಯಿ ಮಾತ್ರ ನದಿಯ ಕಡೆಗೆ ತಿರುಗಿ ಕುಳಿತರು.

ಮುರ್ಡೇಶ್ವರದ ತಿರುವು ಬಂದಾಗ ಹುಡುಗನ ಮಾತು ನಿಂತಿತು. ಸಾಮಾನ್ಯ ದಿನಗಳಾಗಿದ್ದರೆ ಅವನು ನೇತ್ರಾಣಿ ದ್ವೀಪದ ಬಗ್ಗೆ, ಅಲ್ಲಿನ ಹವಳದ ನಡುವೆ ಸ್ಕೂಬಾ ಡೈವಿಂಗ್ ಮಾಡುವುದರ ಬಗ್ಗೆ ಹೇಳುತ್ತಿದ್ದ. ಆದರೆ ಕೆಲವೇ ದಿನಗಳ ಹಿಂದೆ, ಡಿಸೆಂಬರ್ 10ರಂದು, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇಲ್ಲಿನ ಕಡಲಿನಲ್ಲಿ ಪ್ರಾಣ ಕಳೆದುಕೊಂಡಿದ್ದರು. ಬಸ್ಸಿನಲ್ಲಿ ಜಪಸರ ಪ್ರಾರ್ಥನೆ ತಾನಾಗಿಯೇ ಶುರುವಾಯಿತು. ಮುಗಿದ ಮೇಲೆ ತಾಯಿ ನನ್ನ ಕಡೆ ನೋಡಿ, "ಆ ಮಕ್ಕಳ ತಾಯಂದಿರು ಕಡಲನ್ನು ಕಣ್ಣಾರೆ ನೋಡಿದ್ದಾರೋ ಇಲ್ಲವೋ" ಎಂದರು. ಅಷ್ಟೇ.

ಕಾರವಾರದಲ್ಲಿ ಕಾಳಿ ನದಿ ದಾಟುವಾಗ ಸೇತುವೆಯ ಪಕ್ಕದಲ್ಲೇ ಹಳೆಯ ಸೇತುವೆಯ ಮುರಿದ ಭಾಗಗಳನ್ನು ಕಂಡೆವು. ಅದು 2024ರ ಆಗಸ್ಟ್ 7ರ ರಾತ್ರಿ ಕುಸಿದಾಗ ಒಂದು ಲಾರಿ ನದಿಗೆ ಬಿದ್ದಿತ್ತು. ಆ ಕತ್ತಲಲ್ಲಿ ಚಾಲಕನನ್ನು ಬದುಕಿಸಿದವರು ಸ್ಥಳೀಯ ಮೀನುಗಾರರು ಮತ್ತು ಪೊಲೀಸರು. "ನೋಡಿ ಅಮ್ಮ, ನೀರು ಗೊತ್ತಿದ್ದವರು ಇದ್ದದ್ದರಿಂದ ಒಂದು ಜೀವ ಉಳಿಯಿತು" ಎಂದ ಹುಡುಗ. ತಾಯಿ ಉತ್ತರಿಸಲಿಲ್ಲ.

ಕನ್ನಡದಲ್ಲಿ ಕೂಗುವ ರಕ್ಷಕ

ಹಳೆ ಗೋವಾದ ದರ್ಶನ ಮುಗಿಸಿ ಮರುದಿನ ಬೆಳಿಗ್ಗೆ ಪಣಜಿಯ ಮಿರಾಮಾರ್ ಕಡಲತೀರಕ್ಕೆ ಹೋದೆವು. ಮಾಂಡವಿ ನದಿ ಕಡಲನ್ನು ಸೇರುವ ಜಾಗ ಅದು. ಗೋವಾದ ಕಡಲತೀರಗಳಲ್ಲಿ 2008ರಿಂದ ಸಂಘಟಿತ ಜೀವರಕ್ಷಕ ವ್ಯವಸ್ಥೆ ಇದೆ. ನಮ್ಮ ಗುಂಪಿನ ಮಕ್ಕಳು ನೀರಿನ ಕಡೆ ಓಡಿದ್ದೇ ತಡ, ಸೀಟಿ ಊದಿದ ಸದ್ದು ಕೇಳಿತು. ಹಿಂದೆಯೇ ಅಚ್ಚ ಕನ್ನಡದಲ್ಲಿ ಒಂದು ಕೂಗು: "ಆ ಕಡೆ ಬೇಡ, ಇತ್ತ ಬನ್ನಿ!"

ಕೂಗಿದವರು ಜೀವರಕ್ಷಕ, ಊರು ಕಾರವಾರದ ಕಡೆ. ಬಸ್ಸಿನ ಮೇಲಿದ್ದ ಕನ್ನಡ ಬ್ಯಾನರ್ ನೋಡಿ ಭಾಷೆ ಹಿಡಿದಿದ್ದರು. ನಾನು ಹೋಗಿ ಮಾತನಾಡಿಸಿದೆ. "ಫಾದರ್, ರಜೆಯಲ್ಲಿ ಇಲ್ಲಿಗೆ ಬರುವವರಲ್ಲಿ ನಮ್ಮ ಬಯಲುಸೀಮೆಯವರು ಬಹಳ. ಕಡಲು ಮೊದಲ ಸಲ ನೋಡುವವರು. ಇಂಗ್ಲಿಷ್ ಬೋರ್ಡು ಓದುವುದಿಲ್ಲ, ಹಿಂದಿಯಲ್ಲಿ ಕೂಗಿದರೆ ನಗುತ್ತಾರೆ. ಕನ್ನಡದಲ್ಲಿ ಕೂಗಿದರೆ ಮನೆಯವರು ಬೈದ ಹಾಗಾಗಿ ತಕ್ಷಣ ತಿರುಗಿ ಬರುತ್ತಾರೆ" ಎಂದರು.

ಅಲ್ಲಿಯವರೆಗೆ ದೂರ ನಿಂತಿದ್ದ ತಾಯಿ ಹತ್ತಿರ ಬಂದರು. ಯಾವ ಪೀಠಿಕೆಯೂ ಇಲ್ಲದೆ ಕೇಳಿದರು: "ಈಜು ಬರುವವನು ಯಾಕೆ ಮುಳುಗುತ್ತಾನೆ?"

ಆ ಜೀವರಕ್ಷಕ ಮರುಪ್ರಶ್ನೆ ಹಾಕಿದರು. "ಎಲ್ಲಿ ಅಮ್ಮಾ? ಅಳಿವೆಯಲ್ಲಾ? ಯಾವ ತಿಥಿ?"

ತಾಯಿ ಕ್ಷಣ ಯೋಚಿಸಿ, "ಅಮಾವಾಸ್ಯೆಯ ಮರುದಿನ" ಎಂದರು. "ಆ ದಿನ ನೀರು ತುಂಬ ಹಿಂದೆ ಹೋಗುತ್ತದೆ, ಮರುವಾಯಿ ಹೆಚ್ಚು ಸಿಗುತ್ತದೆ ಎಂದೇ ಹೋದದ್ದು."

ಆತ ಮರಳಿನ ಮೇಲೆ ಕೋಲಿನಿಂದ ಗೆರೆ ಎಳೆದು ತೋರಿಸಿದರು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಇಳಿತದ ಹೊತ್ತಿನಲ್ಲಿ ಅಳಿವೆಯ ಕಿರಿದಾದ ಬಾಯಿಯಿಂದ ಹೊಳೆಯ ನೀರೂ ಕಡಲಿಗೆ ಮರಳುವ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತವೆ. ಅದರಲ್ಲಿ ಸಿಕ್ಕವನು ದಡ ಕಾಣುತ್ತದೆ ಎಂದು ನೇರವಾಗಿ ದಡದ ಕಡೆ ಈಜುತ್ತಾನೆ. ಈಜು ಬರುವುದರಿಂದಲೇ ನೀರಿನೊಡನೆ ಜಗ್ಗಾಡುತ್ತಾನೆ. ತೋಳು ಸೋಲುತ್ತದೆ.

ತೆರೆದ ಕಡಲಿನ ಸೆಳೆತದ ಕಥೆಯೂ ಹೆಚ್ಚುಕಡಿಮೆ ಇದೇ. ಅಲೆಗಳು ದಡಕ್ಕೆ ತಂದ ನೀರು ಎಲ್ಲಿಂದಲಾದರೂ ಹಿಂದೆ ಹೋಗಲೇಬೇಕಲ್ಲ. ಮರಳಿನ ದಿಬ್ಬಗಳ ನಡುವಿನ ತಗ್ಗಿನಲ್ಲಿ ಅದು ಹೊಳೆಯಂತೆ ಹೊರಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ಹೊಸಬರು ಸುರಕ್ಷಿತವೆಂದು ಆರಿಸುವುದೂ ಅದೇ ಜಾಗವನ್ನು. ಬಲವಾದ ಸೆಳೆತ ಸೆಕೆಂಡಿಗೆ ಎರಡು ಮೀಟರಿನಷ್ಟು ವೇಗದಲ್ಲಿ ಹರಿಯಬಲ್ಲದು. ಒಲಿಂಪಿಕ್ ಈಜುಗಾರನೂ ಅದರೆದುರು ಹೆಚ್ಚು ಹೊತ್ತು ನಿಲ್ಲಲಾರ. ಗಾಬರಿಯಾಗದೆ ತೇಲುತ್ತಿರಬೇಕು, ಕೈ ಎತ್ತಿ ಸಹಾಯ ಕೇಳಬೇಕು, ಆಗುವುದಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಬೇಕು.

ತಾಯಿ ಆ ಗೆರೆಗಳನ್ನೇ ನೋಡುತ್ತ ಬಹಳ ಹೊತ್ತು ನಿಂತರು. "ಇದನ್ನು ಅವನಿಗೆ ಯಾರೂ ಹೇಳಲಿಲ್ಲ" ಎಂದರು.

ಏನನ್ನು ಕಲಿಸುತ್ತಾರೆ?

ಮಿರಾಮಾರಿನಿಂದ ದೋನಾ ಪಾವ್ಲಾ ಕಡೆಗೆ ಹೋಗುವಾಗ ಕರಂಜಾಳೆ ಸಿಗುತ್ತದೆ. ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇರುವುದು ಆ ಭಾಗದಲ್ಲಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಈ ಸಂಸ್ಥೆ 1990ರಲ್ಲಿ ಆರಂಭವಾಯಿತು. 2004ರಲ್ಲಿ ಗ್ವಾಲಿಯರ್ ಕೇಂದ್ರವಾಗಿರುವ ಭಾರತೀಯ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣಾ ಸಂಸ್ಥೆಯ ಅಂಗವಾಯಿತು. ಹೊಸ ಆವರಣವನ್ನು 2024ರ ಫೆಬ್ರವರಿ 6ರಂದು ಪ್ರಧಾನಿಯವರು ಉದ್ಘಾಟಿಸಿದರು. ಜನಸಾಮಾನ್ಯರಿಗೂ ಸೇನಾಪಡೆಯವರಿಗೂ ಹೊಂದುವ 28 ಕೋರ್ಸುಗಳನ್ನು ಇಲ್ಲಿ ನಡೆಸುವ ಯೋಜನೆಯನ್ನು ಆಗ ಪ್ರಕಟಿಸಲಾಯಿತು.

ಜೀವರಕ್ಷಣೆ, ಮೋಟಾರ್ ಬೋಟ್ ನಡೆಸುವುದು, ಜೆಟ್ ಸ್ಕೀ ನಡೆಸುವುದು, ಪ್ಯಾರಾಸೈಲಿಂಗ್ ಮುಂತಾದವುಗಳಲ್ಲಿ ಪ್ರತ್ಯೇಕ ಅಲ್ಪಾವಧಿಯ ತರಬೇತಿಗಳಿವೆ. ಇವು ಪದವಿಗಳಲ್ಲ, ಒಂದೊಂದು ಕೆಲಸಕ್ಕೆ ಕೊಡುವ ಪ್ರಮಾಣಪತ್ರಗಳು. ಪದವಿ ಬೇಕೆನ್ನುವವರಿಗೆ ಮಾತೃಸಂಸ್ಥೆಯಲ್ಲಿ ಪ್ರವಾಸೋದ್ಯಮದ ಬಿಬಿಎ, ಎಂಬಿಎ ಇವೆ. ಎರಡೂ ಸೇರಿದರೆ ಮಾತ್ರ "ನಿರ್ವಹಣೆ" ಎಂಬ ಮಾತಿಗೆ ಅರ್ಥ ಬರುತ್ತದೆ.

ಸ್ಕೂಬಾ ಡೈವಿಂಗ್‌ನಲ್ಲಿ ದಾರಿ ಬೇರೆ. ಅಂತರರಾಷ್ಟ್ರೀಯ ಮನ್ನಣೆಯ ಸಂಘಟನೆಗಳು ಮೆಟ್ಟಿಲು ಮೆಟ್ಟಿಲಾಗಿ ಪ್ರಮಾಣಪತ್ರ ಕೊಡುತ್ತವೆ. ಮೊದಲ ಮೆಟ್ಟಿಲು ಹತ್ತಿದವನು 18 ಮೀಟರ್ ಆಳದವರೆಗೆ ಇಳಿಯಬಹುದು. ಡೈವ್ ಮಾಸ್ಟರ್ ಆಗಲು 18 ವರ್ಷ ತುಂಬಿರಬೇಕು. ಬೋಧಕನಾಗಲು ಹತ್ತಾರು ಬಾರಿ ನೀರಿಗಿಳಿದ ದಾಖಲೆ ಬೇಕು. ಮಹಾರಾಷ್ಟ್ರದ ತಾರ್ಕರ್ಲಿಯಲ್ಲಿ ಅಲ್ಲಿನ ಪ್ರವಾಸೋದ್ಯಮ ನಿಗಮವೇ ಇಂಥದೊಂದು ತರಬೇತಿ ಕೇಂದ್ರ ನಡೆಸುತ್ತದೆ. ಕರ್ನಾಟಕದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವುದು, ನೀರಿನ ಸಾಹಸ ಮುಂತಾದವನ್ನು ಕಲಿಸುತ್ತದೆ.

ಇವೆಲ್ಲದರಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದು ಜೆಟ್ ಸ್ಕೀಯ ಅಬ್ಬರ, ಪ್ಯಾರಾಸೈಲಿಂಗಿನ ಬಣ್ಣದ ಕೊಡೆ. ಆದರೆ ಇದನ್ನು ವೃತ್ತಿಯಾಗಿ ಆರಿಸಿದವನು ದಿನವನ್ನು ಆರಂಭಿಸುವುದು ಹವಾಮಾನ ವರದಿಯಿಂದ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಎತ್ತರದ ಅಲೆಗಳ ಬಗ್ಗೆ ಎಚ್ಚರಿಕೆ ಕೊಡುತ್ತದೆ. ನಮ್ಮ ಕೇರಳದ ಕರಾವಳಿಯಲ್ಲಿ "ಕಳ್ಳಕಡಲ್" ಎನ್ನುತ್ತಾರಲ್ಲ, ಗಾಳಿಯ ಸುಳಿವೇ ಇಲ್ಲದೆ ದೂರದ ದಕ್ಷಿಣದ ಸಾಗರದಿಂದ ಬಂದು ಮನೆಯಂಗಳಕ್ಕೆ ನುಗ್ಗುವ ಅಲೆ, ಅದರ ಮುನ್ಸೂಚನೆಯೂ ಅಲ್ಲಿಂದಲೇ ಬರುತ್ತದೆ. ಆಮೇಲೆ ಉಬ್ಬರದ ವೇಳೆ ನೋಡಬೇಕು. ಲೈಫ್ ಜಾಕೆಟ್‌ಗಳ ಬಕಲ್ ಒಂದೊಂದಾಗಿ ಪರೀಕ್ಷಿಸಬೇಕು. ದೋಣಿಗೆ ಎಷ್ಟು ಜನ, ಅವರಲ್ಲಿ ಮಕ್ಕಳೆಷ್ಟು, ಒಬ್ಬ ಮಾರ್ಗದರ್ಶಿಗೆ ಎಷ್ಟು ಮಂದಿ, ಏನಾದರೂ ಆದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಬರೆದಿಡಬೇಕು. ನೀರಿನಿಂದ ಎತ್ತಿದವನಿಗೆ ಉಸಿರಿಲ್ಲದಿದ್ದರೆ ಬಾಯಿಯ ಮೂಲಕ ಉಸಿರು ಕೊಡುವುದು, ಎದೆಯನ್ನು 30 ಸಲ ಒತ್ತಿ 2 ಸಲ ಉಸಿರು ಊದುವುದು ಕೈಗೆ ರೂಢಿಯಾಗಿರಬೇಕು. ಕೊನೆಯದಾಗಿ, ಹಣ ಕೊಟ್ಟು ಸಾಲಿನಲ್ಲಿ ನಿಂತ ಗಿರಾಕಿಗೆ "ಇವತ್ತು ಆಗುವುದಿಲ್ಲ" ಎನ್ನಲು ಬಾಯಿ ಬರಬೇಕು.

ಈ ಕೊನೆಯ ಪಾಠ ಎಷ್ಟು ದುಬಾರಿ ಎಂಬುದಕ್ಕೆ ನಮ್ಮ ಕೇರಳದಲ್ಲೇ ಉದಾಹರಣೆ ಇದೆ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಮಂದಿ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಮೀನು ಹಿಡಿಯುವ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಲಾಗಿತ್ತು; ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಲಾಗಿತ್ತು. ದೋಣಿ ಬಿಡುವ ಮೊದಲು ಒಬ್ಬನಾದರೂ "ಸಾಕು, ಇಳಿಯಿರಿ" ಎಂದಿದ್ದರೆ ಎಷ್ಟು ಮನೆಗಳ ಕಥೆ ಬೇರೆಯಾಗುತ್ತಿತ್ತು! ಜಗತ್ತಿನಲ್ಲಿ 2021ರಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಮೊದಲ ಮೆಟ್ಟಿಲು

ಊಟದ ಹೊತ್ತಿಗೆ ತಾಯಿ ನನ್ನ ಬಳಿ ಬಂದು ಕುಳಿತರು. "ಫಾದರ್, ಆ ಮೊದಲನೆಯ ಕೋರ್ಸ್ ಮಾತ್ರ ಮಾಡಲಿ. ಜನರನ್ನು ಎಳೆದು ಹಾಕುವುದು. ಮಿಕ್ಕದ್ದು ಆಮೇಲೆ ನೋಡುವ." ಹುಡುಗನಿಗೆ ಅಷ್ಟೇ ಸಾಕಾಯಿತು. ನಾನೂ ಒಪ್ಪಿದೆ. ಆದರೆ ಕೆಲವು ಮಾತುಗಳನ್ನು ಅವನಿಗೆ ಅಲ್ಲೇ ಹೇಳಿದೆ. ಇಂಥ ಆಸೆಯಿರುವ ಮಕ್ಕಳ ಮನೆಯವರಿಗೂ ಅದನ್ನೇ ಹೇಳುತ್ತೇನೆ.

ಇದು ವರ್ಷವಿಡೀ ನಡೆಯುವ ಕೆಲಸವಲ್ಲ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಪಶ್ಚಿಮ ಕರಾವಳಿಯ ಕಡಲು ಯಾರ ಮಾತನ್ನೂ ಕೇಳುವುದಿಲ್ಲ, ಜಲಕ್ರೀಡೆಗಳು ನಿಲ್ಲುತ್ತವೆ. ಆ ನಾಲ್ಕು ತಿಂಗಳಿಗೆ ಇನ್ನೊಂದು ಕಸುಬು, ಅಥವಾ ಓದು, ಕೈಯಲ್ಲಿರಬೇಕು. ದೂರಶಿಕ್ಷಣದ ಪದವಿ ಕಟ್ಟಿಕೊಳ್ಳುವುದು ಒಳ್ಳೆಯದು. "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಎಂದು ಜಾಹೀರಾತು ಕೊಡುವ ಕಡೆ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಪ್ರಮಾಣಪತ್ರ ಯಾರದು? ನೀರಿನಲ್ಲಿ ಎಷ್ಟು ಗಂಟೆ ತರಬೇತಿ? ತರಬೇತಿಯ ಅವಧಿಯಲ್ಲಿ ವಿಮೆ ಇದೆಯೇ? ಕೆಲಸಕ್ಕೆ ಸೇರುವಾಗಲೂ ವಿಮೆಯ ಕಾಗದ ನೋಡಿಯೇ ಸೇರಬೇಕು. ಮೈಗೆ ವಯಸ್ಸಾಗುತ್ತದೆ, ನಲವತ್ತರ ಮೇಲೆ ದಂಡೆಯಲ್ಲಿ ನಿಂತು ತಂಡ ನಡೆಸುವ, ಲೆಕ್ಕ ಬರೆಯುವ, ಕಲಿಸುವ ಕೆಲಸಕ್ಕೆ ಏರಬೇಕಾದರೆ ಈಗಲೇ ಭಾಷೆ, ಲೆಕ್ಕ, ಕಂಪ್ಯೂಟರ್ ಕಲಿತಿರಬೇಕು.

ಗಡಿಯ ಆಚೆ ಹುಟ್ಟಿದ ನಮ್ಮ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಮನೆಯಲ್ಲಿ ಕೊಂಕಣಿಯೋ ತುಳುವೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಟಿ.ವಿ.ಯಲ್ಲಿ ಹಿಂದಿ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಕೆಲಸಕ್ಕೆ ಅಡ್ಡಿಯಾಯಿತು ಎಂಬ ಕೊರಗು ನಮ್ಮಲ್ಲಿ ಅನೇಕರಿಗಿದೆ. ಮಿರಾಮಾರಿನಲ್ಲಿ ಆ ಕನ್ನಡದ ಕೂಗಿಗೆ ನಮ್ಮ ಮಕ್ಕಳು ಹಿಂದಿರುಗಿದ್ದನ್ನು ಕಂಡ ಮೇಲೆ, ಆ ಭಾಷೆಯೇ ಒಬ್ಬನ ಪ್ರಾಣ ಉಳಿಸುವ ಉಪಕರಣವೂ ಆದೀತು ಎಂದು ನನಗೆ ತಿಳಿಯಿತು.

ಹುಡುಗ 2025ರಲ್ಲಿ ಜೀವರಕ್ಷಣೆಯ ತರಬೇತಿ ಮುಗಿಸಿದ. ತಾಯಿಯನ್ನು ಮತ್ತೆ ಒಪ್ಪಿಸಿ ಬೋಟ್ ನಡೆಸುವುದನ್ನೂ ಕಲಿತ. ಮಳೆಗಾಲ ಮುಗಿದ ಮೇಲೆ ಕರಾವಳಿಯ ಒಂದು ಕಡೆ ಕೆಲಸಕ್ಕೆ ಸೇರಿದ್ದಾನೆ; ಪದವಿಯ ಓದೂ ಜೊತೆಗಿದೆ. ಅದಕ್ಕೂ ಮೊದಲು, ಊರಿನಲ್ಲಿದ್ದ ದಿನಗಳಲ್ಲಿ, ನಮ್ಮ ಹತ್ತಿರದ ಕೆರೆಯಲ್ಲಿ ಮಕ್ಕಳಿಗೆ ತೇಲುವುದನ್ನು ಕಲಿಸಿದ. ಈಜುವುದಕ್ಕಿಂತ ಮೊದಲು ತೇಲುವುದು ಎಂಬುದು ಅವನ ಪಾಠ. ಮಕ್ಕಳ ಜೊತೆ ನಾನೂ ಸೊಂಟಕ್ಕೆ ಕಟ್ಟಿದ ಖಾಲಿ ಕ್ಯಾನಿನ ಧೈರ್ಯದಲ್ಲಿ ನೀರಿಗಿಳಿದೆ. ನಾಲ್ಕನೆಯ ದಿನ ಎರಡು ನಿಮಿಷ ತೇಲಿದೆ. ಅವನ ತಾಯಿ ದಂಡೆಯಲ್ಲಿ ಟವೆಲುಗಳ ರಾಶಿ ಹಿಡಿದು ನಿಂತು ತಲೆ ಎಣಿಸುತ್ತಿದ್ದರು. ಅವರು ಇನ್ನೂ ಕಡಲಿನ ಕಡೆ ಹೋಗುವುದಿಲ್ಲ. ಭಯ ಹೋಗಿದೆ ಎಂದು ನಾನು ಹೇಳಲಾರೆ. ಆದರೆ ಪ್ರತಿ ಸಂಜೆ ಮಗನಿಗೆ ಫೋನ್ ಮಾಡಿ, ಊಟ ಆಯಿತಾ ಎಂದು ಕೇಳುವ ಮೊದಲು, "ಇವತ್ತು ಎಷ್ಟು ಮಂದಿಗೆ ಬೇಡ ಹೇಳಿದೆ?" ಎಂದು ಕೇಳುತ್ತಾರಂತೆ.

ಪ್ರಿಯ ಓದುಗರೇ, ಈ ರಜೆಯಲ್ಲಿ ನೀವೂ ಮಕ್ಕಳೊಡನೆ ಕಡಲಿಗೆ ಹೋಗುವಿರಿ. ಕೆಂಪು ಬಾವುಟವಿದ್ದರೆ ನೀರಿಗಿಳಿಯಬೇಡಿ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗವಷ್ಟೇ ಜೀವರಕ್ಷಕರ ಕಾವಲಿನಲ್ಲಿರುತ್ತದೆ. ಗುಂಪಿನಲ್ಲಿ ಒಬ್ಬರು ದಡದಲ್ಲೇ ನಿಂತು ನೀರನ್ನು ಮಾತ್ರ ನೋಡಲಿ. ಅವರ ಕೈಯಲ್ಲಿ ಮೊಬೈಲ್ ಬೇಡ. ಯಾರಾದರೂ ಮುಳುಗುತ್ತಿದ್ದರೆ ಹಿಂದೆ ಧುಮುಕಬೇಡಿ. ತೇಲುವ ವಸ್ತುವನ್ನು, ಹಗ್ಗವನ್ನು ಎಸೆಯಿರಿ. ಪ್ರವಾಸದ ಸಾಮಾನುಗಳ ಪಟ್ಟಿ ಬರೆಯುವಾಗ ಮೊದಲ ಸಾಲಿನಲ್ಲಿ ನೀರು ನೋಡುವವರ ಹೆಸರು ಬರೆಯಿರಿ. ಹದಿನೈದು ವರ್ಷಗಳ ಹಿಂದೆ ನಾನು ಬರೆಯದೆ ಬಿಟ್ಟ ಸಾಲು ಅದು.